ಪಾಸ್ಟರ್ ಅವರನ್ನು ಪ್ರಶ್ನೆ ಮಾಡಿದರೆ ಪಾಪವಾಗುತ್ತದೆಯೇ?

ಪ್ರಶ್ನೆ: ಸಭೆಯ ಕಾಣಿಕೆಯ ಲೆಕ್ಕ ತೋರಿಸಿ ಅಂತ ನಮ್ಮ ಪಾಸ್ಟರ್ ಅವರನ್ನು ಕೇಳಿದೆ. ‘ದೇವರು ಅಭಿಷೇಕಿಸಿದವರನ್ನು ಮುಟ್ಟಬಾರದು ಅಂತ ವಾಕ್ಯದಲ್ಲೇ ಇದೆ, ಹುಷಾರು’ ಎಂದರು. ಅವತ್ತಿನಿಂದ ಮನಸ್ಸಿಗೆ ಸಮಾಧಾನ ಇಲ್ಲ. ನಾನು ಕೇಳಿದ್ದು ತಪ್ಪಾ?

ಉತ್ತರ: ತಪ್ಪಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಈ ಪ್ರಶ್ನೆ ಕೇಳುವವರು ಹೆಚ್ಚಾಗಿ ಹೆದರಿಕೊಂಡೇ ಕೇಳುತ್ತಾರೆ. ಮಗುವಿಗೆ ಜ್ವರ ಬಂದರೂ, ಕೆಲಸ ಹೋದರೂ ‘ಪಾಸ್ಟರ್‌ಗೆ ಎದುರು ಮಾತಾಡಿದ್ದಕ್ಕೇ ಹೀಗಾಯ್ತೇನೋ’ ಅಂತ ಒಳಗೊಳಗೇ ಕೊರಗುತ್ತಾರೆ. ಆ ಹೆದರಿಕೆ ಬೈಬಲ್‌ನಿಂದ ಬಂದದ್ದಲ್ಲ.

ನಿಮಗೆ ಹೇಳಿದ ವಾಕ್ಯ ಇರುವುದು 105ನೇ ಕೀರ್ತನೆಯ 15ನೇ ವಚನದಲ್ಲಿ: ‘ನಾನು ಅಭಿಷೇಕಿಸಿದವರನ್ನು (ಅಂದರೆ ನನ್ನ ಕೆಲಸಕ್ಕೆ ಆರಿಸಿಕೊಂಡವರನ್ನು) ಮುಟ್ಟಬೇಡಿ, ನನ್ನ ಪ್ರವಾದಿಗಳಿಗೆ ಕೇಡು ಮಾಡಬೇಡಿ.’ ಅದೊಂದನ್ನೇ ಓದಬೇಡಿ, 12ನೇ ವಚನದಿಂದ ಓದಿ. ಅಲ್ಲಿರುವುದು ಅಬ್ರಹಾಮ, ಇಸಾಕ, ಯಾಕೋಬರ ಕತೆ. ಆಗ ಅವರು ಬೆರಳೆಣಿಕೆಯಷ್ಟು ಜನ. ಸ್ವಂತ ನೆಲ ಇಲ್ಲ, ಕಾಯುವವರಿಲ್ಲ, ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಅಲೆಯುತ್ತಿದ್ದರು. ಅವರಿಗೆ ಯಾರೂ ಕೇಡು ಮಾಡದಂತೆ ದೇವರು ಅರಸರನ್ನು ಗದರಿಸಿ ಹೇಳಿದ ಮಾತು ಇದು. ಅಂದರೆ ಬಲ ಇಲ್ಲದವರ ಪರವಾಗಿ ಬಲ ಇದ್ದವರಿಗೆ ಕೊಟ್ಟ ಎಚ್ಚರಿಕೆ. ಈಗ ನಿಮ್ಮ ಸಭೆಯನ್ನೇ ನೋಡಿ. ಮೈಕ್ ಯಾರ ಕೈಯಲ್ಲಿದೆ? ಕಾಣಿಕೆ ಪೆಟ್ಟಿಗೆಯ ಬೀಗದ ಕೈ ಯಾರ ಹತ್ತಿರ ಇದೆ? ಆ ವಾಕ್ಯವನ್ನು ಅಧಿಕಾರ ಇದ್ದವರೇ ಜನರ ಬಾಯಿ ಮುಚ್ಚಿಸಲು ಬಳಸಿದರೆ, ಅದು ವಾಕ್ಯವನ್ನು ತಲೆಕೆಳಗು ಮಾಡಿದ ಹಾಗೆ.

ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋಗಿ. ಆ ಕೀರ್ತನೆಯ ಹಿಂದಿರುವ ಘಟನೆಗಳಲ್ಲಿ ಒಂದು ಆದಿಕಾಂಡ 20ನೇ ಅಧ್ಯಾಯದಲ್ಲಿದೆ. ಬೈಬಲ್‌ನಲ್ಲಿ ‘ಪ್ರವಾದಿ’ ಎಂಬ ಪದ ಮೊದಲ ಸಲ ಬರುವುದೇ ಅಲ್ಲಿ. ಅಬ್ರಹಾಮ ತನ್ನ ಹೆಂಡತಿ ಸಾರಳನ್ನು ‘ತಂಗಿ’ ಅಂತ ಹೇಳಿಕೊಂಡಿದ್ದ. ಗೆರಾರಿನ ಅರಸ ಅಬೀಮೆಲೆಕ ಆಕೆಯನ್ನು ಕರೆಸಿಕೊಂಡ. ರಾತ್ರಿ ಕನಸಿನಲ್ಲಿ ದೇವರು ಅವನಿಗೆ, ಆ ಮನುಷ್ಯ ಪ್ರವಾದಿ, ಅವನ ಹೆಂಡತಿಯನ್ನು ವಾಪಸ್ ಕಳಿಸು ಎಂದರು. ಬೆಳಗ್ಗೆ ಬೇಗ ಎದ್ದ ಅರಸ ಏನು ಮಾಡಿದ ಗೊತ್ತಾ? ಅಬ್ರಹಾಮನನ್ನು ಕರೆಸಿ ನೇರವಾಗಿ ಕೇಳಿದ. ನಮಗೆ ಯಾಕೆ ಹೀಗೆ ಮಾಡಿದೆ? ನಾನು ನಿನಗೇನು ತಪ್ಪು ಮಾಡಿದ್ದೆ? ನೀನು ಮಾಡಬಾರದ್ದನ್ನು ಮಾಡಿಬಿಟ್ಟೆ!

ಅಬ್ರಹಾಮ ‘ನಾನು ಪ್ರವಾದಿ, ನನ್ನನ್ನು ಕೇಳಬೇಡ’ ಅನ್ನಲಿಲ್ಲ. ಇಲ್ಲಿನ ಜನರಿಗೆ ದೇವರ ಭಯ ಇಲ್ಲ, ಹೆಂಡತಿಗೋಸ್ಕರ ನನ್ನನ್ನು ಕೊಂದುಬಿಡುತ್ತಾರೆ ಅಂತ ಹೆದರಿದೆ ಎಂದ. ಉತ್ತರ ಅಷ್ಟೇನೂ ಚೆನ್ನಾಗಿಲ್ಲ, ನಿಜ. ಆದರೂ ಉತ್ತರ ಕೊಟ್ಟ. ಪ್ರಶ್ನೆ ಕೇಳಿದ್ದಕ್ಕೆ ದೇವರು ಅರಸನನ್ನು ಶಿಕ್ಷಿಸಲಿಲ್ಲ. ಸಾರಳನ್ನು ಕರೆಸಿಕೊಂಡದ್ದಕ್ಕೆ ಮಕ್ಕಳಾಗದಂತಾಗಿದ್ದ ಅವನ ಮನೆಯವರು ಗುಣವಾದರು. ಈ ಅಧ್ಯಾಯ ಓದಿದಾಗಲೆಲ್ಲ ನನಗೆ ಅನಿಸುವುದು ಇದೇ: ಪ್ರವಾದಿಗೆ ಕೇಡು ಮಾಡಬಾರದು ಎಂಬ ಮಾತು ಬಂದ ಕಡೆಯಲ್ಲೇ ಪ್ರವಾದಿಯನ್ನು ಪ್ರಶ್ನೆ ಮಾಡಿದ್ದೂ ಇದೆ.

‘ದಾವೀದ ಸೌಲನ ಮೇಲೆ ಕೈಯೆತ್ತಲಿಲ್ಲವಲ್ಲ’ ಅಂತಲೂ ಕೆಲವರು ಹೇಳುತ್ತಾರೆ. ಸೌಲ ದೇವರು ಅಭಿಷೇಕಿಸಿದ ಅರಸ, ದಾವೀದನನ್ನು ಕೊಲ್ಲಲು ಹುಡುಕುತ್ತಿದ್ದ. ಹೌದು, ದಾವೀದ ಕೈ ಎತ್ತಲಿಲ್ಲ. ಆದರೆ 1 ಸಮುವೇಲ 24ನ್ನು ಕೊನೆಯವರೆಗೂ ಓದಿ. ಗವಿಯೊಳಗೆ ಸೌಲನ ಮೇಲಂಗಿಯ ಅಂಚನ್ನು ಕತ್ತರಿಸಿದ್ದಕ್ಕೇ ದಾವೀದನ ಮನಸ್ಸು ಚುಚ್ಚಿತು. ಆಮೇಲೆ ಅವನು ಹೊರಗೆ ಬಂದು ನೆಲದವರೆಗೆ ಬಗ್ಗಿ ನಮಸ್ಕರಿಸಿದ. ಆ ಬಟ್ಟೆಯ ತುಂಡನ್ನು ತೋರಿಸಿ, ಎಲ್ಲರಿಗೂ ಕೇಳುವ ಹಾಗೆ, ನೀನು ನನ್ನ ಜೀವಕ್ಕೆ ಹೊಂಚು ಹಾಕುತ್ತಿದ್ದೀಯ, ನಮ್ಮಿಬ್ಬರ ನಡುವೆ ಕರ್ತನೇ ನ್ಯಾಯ ತೀರಿಸಲಿ ಎಂದ. ಮರ್ಯಾದೆಯೂ ಇತ್ತು, ಪ್ರಶ್ನೆಯೂ ಇತ್ತು.

ಹೊಸ ಒಡಂಬಡಿಕೆಗೆ ಬಂದರಂತೂ ಅಭಿಷೇಕ ಒಬ್ಬರ ಸ್ವತ್ತಲ್ಲ. ಯೋಹಾನನ ಮೊದಲ ಪತ್ರದ 2ನೇ ಅಧ್ಯಾಯ ಅದನ್ನು ವಿಶ್ವಾಸಿಗಳೆಲ್ಲರಿಗೂ ಹೇಳುತ್ತದೆ. ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತ ಅಜ್ಜಿಗೂ ಅದು ಇದೆ. ಅಂತಿಯೋಕ್ಯ ಪಟ್ಟಣದಲ್ಲಿ ಅಪೊಸ್ತಲ ಪೇತ್ರ ತಪ್ಪಿದಾಗ ಇನ್ನೊಬ್ಬ ಅಪೊಸ್ತಲ ಪೌಲ ಎಲ್ಲರ ಮುಂದೆಯೇ ಅವನನ್ನು ಎದುರಿಸಿದ. ಬೆರೋಯ ಪಟ್ಟಣದವರು ಪೌಲನ ಬೋಧನೆಯನ್ನೇ ದಿನಾ ಶಾಸ್ತ್ರದ ಜೊತೆ ಹೋಲಿಸಿ ನೋಡಿದರು, ಅದಕ್ಕೆ ಅವರಿಗೆ ಸಿಕ್ಕಿದ್ದು ಹೊಗಳಿಕೆ. ಮೊಬೈಲ್‌ನಲ್ಲಿ ದಿನಕ್ಕೆ ಹತ್ತು ಪ್ರಸಂಗ ಕೇಳುವ ಈ ಕಾಲದಲ್ಲಿ ಆ ಅಭ್ಯಾಸ ಇನ್ನೂ ಜಾಸ್ತಿ ಬೇಕು, ಅಲ್ವಾ?

ಇಬ್ರಿಯರಿಗೆ ಬರೆದ ಪತ್ರದ 13:17 ಸಭಾನಾಯಕರ ಮಾತು ಕೇಳಿ ಅಂತ ಹೇಳುತ್ತದೆ. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಆ ವಚನದಲ್ಲೇ, ಅವರು ನಿಮ್ಮ ಆತ್ಮಗಳನ್ನು ಕಾಯುವವರು, ಲೆಕ್ಕ ಒಪ್ಪಿಸಬೇಕಾದವರು ಎಂದೂ ಇದೆ. ಆ ಲೆಕ್ಕ ದೇವರ ಮುಂದೆ. ಹಣದ ವಿಷಯದಲ್ಲಿ ಮನುಷ್ಯರ ಮುಂದೆಯೂ ಲೆಕ್ಕ ಬೇಕು ಅಂದವನು ಪೌಲನೇ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗೆ ಹಣ ಕೂಡಿಸುವಾಗ ಅವನು ತನ್ನ ಜೊತೆಗಾರ ತೀತನ ಜೊತೆಗೆ ಸಭೆಗಳೇ ಆರಿಸಿದ ಇನ್ನೊಬ್ಬ ಸಹೋದರನನ್ನೂ ಕಳಿಸಿದ. ಯಾರೂ ನಮ್ಮ ಮೇಲೆ ತಪ್ಪು ಹೊರಿಸದಿರಲಿ, ಕರ್ತನ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಸರಿಯಾಗಿ ನಡೆದುಕೊಳ್ಳಬೇಕು ಎಂಬುದು ಅವನ ಕಾರಣ (2 ಕೊರಿಂಥ 8:18–21). ಪೌಲನಂಥ ಅಪೊಸ್ತಲನೇ ಹಣವನ್ನು ಒಬ್ಬನ ಕೈಗೆ ಬಿಡಲಿಲ್ಲ. ಹಾಗಿರುವಾಗ ನೀವು ಕೇಳಿದ್ದರಲ್ಲಿ ಅಪನಂಬಿಕೆ ಎಲ್ಲಿದೆ?

ಇನ್ನೊಂದು ಕಡೆಯೂ ಇದೆ. ಪಾಸ್ಟರ್‌ಗಳ ಬದುಕು ಸುಲಭದ್ದಲ್ಲ. ರಾತ್ರಿ ಎರಡಕ್ಕೆ ಫೋನ್ ಬಂದರೂ ಎದ್ದು ಆಸ್ಪತ್ರೆಗೆ ಓಡುವವರು ಅವರೇ. ಅವರ ಬಗ್ಗೆ ಸುಮ್ನೆ ಗಾಳಿಮಾತು ಹಬ್ಬಿಸುವುದು ದೊಡ್ಡ ಅನ್ಯಾಯ. ಅದಕ್ಕೇ ತಿಮೊಥೆಗೆ ಬರೆದ ಮೊದಲ ಪತ್ರ, ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ಹಿರಿಯರ ಮೇಲಿನ ದೂರನ್ನು ತೆಗೆದುಕೊಳ್ಳಬೇಡ ಎನ್ನುತ್ತದೆ. ಅದರ ಮುಂದಿನ ವಚನವೇ, ಪಾಪ ಮಾಡುತ್ತಲೇ ಇರುವವರನ್ನು ಎಲ್ಲರ ಮುಂದೆ ಗದರಿಸು ಎನ್ನುತ್ತದೆ (5:19–20). ದೂರು ಕೊಡಲು ಒಂದು ದಾರಿ ಇದೆ ಅಂದಮೇಲೆ ದೂರು ಕೊಡುವುದೇ ಪಾಪ ಆಗಲು ಸಾಧ್ಯವಿಲ್ಲ.

ಆದ್ದರಿಂದ ವಾಟ್ಸಾಪ್ ಗ್ರೂಪ್‌ನಲ್ಲಿ ಹಾಕುವ ಮೊದಲು ಪಾಸ್ಟರ್ ಅವರ ಜೊತೆ ಕೂತು ಮಾತಾಡಿ. ‘ನೀವು ಹಣ ತಿಂದಿದ್ದೀರಿ’ ಅನ್ನಬೇಡಿ, ಅದು ನಿಮಗೆ ಗೊತ್ತಿಲ್ಲ. ಕಾಣಿಕೆ ಎಣಿಸುವಾಗ ಎಷ್ಟು ಜನ ಇರುತ್ತಾರೆ, ಬ್ಯಾಂಕ್ ಖಾತೆ ಯಾರ ಹೆಸರಿನಲ್ಲಿದೆ, ಚೆಕ್‌ಗೆ ಎಷ್ಟು ಸಹಿ ಬೇಕು, ವರ್ಷಕ್ಕೊಮ್ಮೆ ಹೊರಗಿನ ಲೆಕ್ಕಪರಿಶೋಧಕರು ನೋಡುತ್ತಾರಾ ಅಂತ ಕೇಳಿ. ಉತ್ತರ ಸಿಗದಿದ್ದರೆ ಇಬ್ಬರು ಹಿರಿಯರನ್ನು ಕರೆದುಕೊಂಡು ಮತ್ತೆ ಹೋಗಿ. ಆಮೇಲೂ ಸಿಗದಿದ್ದರೆ ಸಮಿತಿಗೆ, ಮೇಲಿನವರು ಇದ್ದರೆ ಅವರಿಗೆ, ಬರವಣಿಗೆಯಲ್ಲಿ ಕೊಡಿ.

ಈ ಮೆಟ್ಟಿಲುಗಳನ್ನು ಬಳಸಲೇಬಾರದ ವಿಷಯ ಒಂದಿದೆ. ಮಗುವಿನ ಮೇಲೆ, ಹೆಣ್ಣಿನ ಮೇಲೆ, ಯಾರ ಮೇಲೇ ಆಗಲಿ ದೌರ್ಜನ್ಯ ನಡೆದಿದ್ದರೆ ‘ಮೊದಲು ಒಂಟಿಯಾಗಿ ಹೋಗಿ ಮಾತಾಡು’ ಅಂತ ನೊಂದವರಿಗೆ ಯಾರೂ ಹೇಳಬಾರದು. ನೇರ ಪೊಲೀಸರ ಹತ್ತಿರ ಹೋಗಿ. ‘ಸಭೆಯ ಮಾನ ಹೋಗುತ್ತದೆ’ ಎಂದು ತಡೆಯುವವರ ಮಾತು ದಯವಿಟ್ಟು ಕೇಳಬೇಡಿ. ಕೆಟ್ಟದ್ದು ಮಾಡಿದವರನ್ನು ದಂಡಿಸುವ ಕೆಲಸವನ್ನು ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ ಸರ್ಕಾರಕ್ಕೆ ಒಪ್ಪಿಸುತ್ತದೆ, ಸಭೆಯ ಸಮಿತಿಗಲ್ಲ.

ನಿಮ್ಮ ಲೆಕ್ಕದ ವಿಷಯಕ್ಕೆ ಬಂದರೆ, ಮುಂದಿನ ಸಲ ಹೋಗುವಾಗ ನಿಮ್ಮ ಬೈಬಲ್ ತೆಗೆದುಕೊಂಡು ಹೋಗಿ, 2 ಕೊರಿಂಥ 8ನ್ನು ಪಾಸ್ಟರ್ ಅವರ ಜೊತೆಯೇ ಓದಿ. ಒಳ್ಳೆಯ ಮನಸ್ಸಿದ್ದೂ ಯಾರೂ ಕೇಳಿರಲಿಲ್ಲ ಅಂತ ಸುಮ್ಮನಿದ್ದವರಾದರೆ ಲೆಕ್ಕದ ಪುಸ್ತಕ ಹೊರಗೆ ಬರುತ್ತದೆ. ಬರದಿದ್ದರೆ, ಅದರ ಮುಂದಿನ ಅಧ್ಯಾಯದಲ್ಲೇ, 9:7ರಲ್ಲಿ, ಪ್ರತಿಯೊಬ್ಬರೂ ಬಲವಂತದಿಂದಲ್ಲ, ತಮ್ಮ ಹೃದಯದಲ್ಲಿ ನಿಶ್ಚಯಿಸಿಕೊಂಡಂತೆ ಕೊಡಲಿ ಎಂದಿದೆ. ಲೆಕ್ಕ ತೋರಿಸುವ ಇನ್ನೊಂದು ಕಡೆ ಕೊಡಲು ನಿಮಗೆ ಪೂರ್ತಿ ಸ್ವಾತಂತ್ರ್ಯ ಇದೆ.