ಮೆಟಾ ಕಾಮಿಡಿ: ನಟ ತನ್ನದೇ ಪಾತ್ರ ಮಾಡಿದಾಗ

2022ರಲ್ಲಿ ಬಂದ 'ದಿ ಅನ್‌ಬೇರಬಲ್ ವೇಟ್ ಆಫ್ ಮ್ಯಾಸಿವ್ ಟ್ಯಾಲೆಂಟ್' ಸಿನಿಮಾದಲ್ಲಿ ಹಾಲಿವುಡ್ ನಟ ನಿಕೋಲಸ್ ಕೇಜ್ ಅವರ ಪಾತ್ರದ ಹೆಸರು ನಿಕ್ ಕೇಜ್. ಈ ನಿಕ್ ಕೇಜ್ ಕೂಡ ಹಾಲಿವುಡ್ ನಟನೇ. ಕೇಳಿದ ಪಾತ್ರ ಸಿಗುತ್ತಿಲ್ಲ, ಕುತ್ತಿಗೆವರೆಗೆ ಸಾಲ, ಹೆಂಡತಿ ಬಿಟ್ಟಾಗಿದೆ, ಮಗಳಿಗೆ ಅಪ್ಪನ ಮುಖ ನೋಡಿದರೆ ಬೇಜಾರು. ಕೊನೆಗೆ ಸ್ಪೇನಿನ ಮಯೋರ್ಕಾ ದ್ವೀಪದಲ್ಲಿರುವ ಒಬ್ಬ ಶ್ರೀಮಂತ ಅಭಿಮಾನಿಯ ಹುಟ್ಟುಹಬ್ಬಕ್ಕೆ ಹೋಗಿ ಬರಲು ಒಪ್ಪುತ್ತಾನೆ. ಅದಕ್ಕೆ ಸಿಗುವ ದುಡ್ಡು 10 ಲಕ್ಷ ಡಾಲರ್.

ಇಂಥ ಸಿನಿಮಾಕ್ಕೆ ಮೆಟಾ ಕಾಮಿಡಿ ಅಂತಾರೆ. ತಾನು ಸಿನಿಮಾ ಅನ್ನೋದನ್ನು ಮುಚ್ಚಿಡದೆ ಸಿನಿಮಾದ ಬಗ್ಗೆಯೇ ಮಾತಾಡಿ ನಗಿಸುವ ಎಲ್ಲ ಚಿತ್ರಗಳಿಗೂ ಈ ಹೆಸರು ಸಲ್ಲುತ್ತದೆ. ಅದರಲ್ಲಿ ನಟ ತನ್ನದೇ ಹೆಸರಿನಲ್ಲಿ ತೆರೆಗೆ ಬರುವ ಬಗೆ ಒಂದು ಕವಲು. ನನಗೆ ಅತ್ಯಂತ ಇಷ್ಟದ ಕವಲು ಕೂಡ ಅದೇ.

ಎರಡು ನಿಮಿಷ ಬಂದು ಕೈಬೀಸಿ ಹೋಗುವ ಅತಿಥಿ ಪಾತ್ರವನ್ನು ಇದರ ಜೊತೆ ಸೇರಿಸಬಾರದು. ಅಲ್ಲಿ ಸ್ಟಾರ್ ಬಂದದ್ದೇ ಖುಷಿ, ಕಥೆ ಅವರ ಮೇಲೆ ನಿಂತಿರುವುದಿಲ್ಲ. ಟೈಟಲ್‌ನಲ್ಲಿ ನಟನ ಹೆಸರು ಇದ್ದ ಮಾತ್ರಕ್ಕೂ ಆಗುವುದಿಲ್ಲ. 1999ರ 'ಉಪೇಂದ್ರ' ಚಿತ್ರದ ಹೆಸರೇ ನಟ-ನಿರ್ದೇಶಕರದು. ಆದರೆ ಒಳಗಿರುವ ನಾಯಕ 'ನಾನು' ಅನ್ನುವ ಬೇರೆಯೇ ಮನುಷ್ಯ, ಉಪೇಂದ್ರ ಎಂಬ ಸಿನಿಮಾ ನಟ ಅಲ್ಲ.

ಹಾಗಾದರೆ ಮೆಟಾ ಕಾಮಿಡಿಯಲ್ಲಿ ನಟ ಆಡುವ 'ತಾನು' ಯಾರು? ಮನೆಯಲ್ಲಿ ಕಾಫಿ ಕುಡಿಯುತ್ತಾ ಕೂತಿರುವ ಮನುಷ್ಯನಂತೂ ಅಲ್ಲ. ನಾವು ನೋಡಿದ ಸಿನಿಮಾಗಳು, ಪತ್ರಿಕೆಯ ಗಾಸಿಪ್, ಫೋನಿನಲ್ಲಿ ಓಡಾಡುವ ಮೀಮ್‌ಗಳು, ಎಲ್ಲಾ ಸೇರಿ ನಮ್ಮ ತಲೆಯಲ್ಲಿ ಒಬ್ಬ ನಟ ತಯಾರಾಗಿರುತ್ತಾನೆ. ನಟ ಆಡುವುದು ಅವನನ್ನು. ಅಂದರೆ ಆ ಪಾತ್ರವನ್ನು ಅರ್ಧ ಬರೆದವರು ನಾವೇ.

ಅಮೆರಿಕದ ಹಾಸ್ಯನಟ ಜ್ಯಾಕ್ ಬೆನ್ನಿ ಇದನ್ನು ಬಹಳ ಮೊದಲೇ ಕಂಡುಕೊಂಡಿದ್ದರು. 1932ರಲ್ಲಿ ಶುರುವಾದ ಅವರ ರೇಡಿಯೊ ಕಾರ್ಯಕ್ರಮದಲ್ಲಿ 'ಜ್ಯಾಕ್ ಬೆನ್ನಿ' ಅನ್ನುವವನು ಮಹಾ ಜಿಪುಣ. 1948ರ ಒಂದು ಕಂತಿನಲ್ಲಿ ಕಳ್ಳನೊಬ್ಬ ಅಡ್ಡಗಟ್ಟಿ, ದುಡ್ಡು ಕೊಡ್ತೀಯೋ ಪ್ರಾಣ ಕೊಡ್ತೀಯೋ ಅಂತ ಕೇಳುತ್ತಾನೆ. ಬೆನ್ನಿ ಸುಮ್ಮನಿರುತ್ತಾನೆ. ಕಳ್ಳ ಮತ್ತೆ ಗದರಿಸುತ್ತಾನೆ. ಆಗ ಬೆನ್ನಿಯ ಉತ್ತರ: "ಯೋಚನೆ ಮಾಡ್ತಾ ಇದೀನಪ್ಪ!" ಆ ಮೌನಕ್ಕೇ ಜನ ಬಿದ್ದು ಬಿದ್ದು ನಕ್ಕರು. ಅವನ ಜಿಪುಣತನ ಅವರಿಗೆ ವರ್ಷಗಳಿಂದ ಗೊತ್ತಿತ್ತಲ್ಲ. ನಿಜ ಜೀವನದ ಬೆನ್ನಿಯವರದು ಧಾರಾಳದ ಕೈ.

ಕೇಜ್ ಸಿನಿಮಾ ಕೂಡ ಹೀಗೆಯೇ ನಿಜ ಎಲ್ಲಿ ಮುಗಿಯಿತು, ಸುಳ್ಳು ಎಲ್ಲಿ ಶುರುವಾಯಿತು ಅಂತ ಗೊತ್ತಾಗದ ಹಾಗೆ ಹೆಣೆದದ್ದು. ನಿಜವಾದ ಕೇಜ್ ಅವರಿಗೆ ತೆರಿಗೆ ಬಾಕಿ, ಸಾಲದ ಕಷ್ಟ ಇದ್ದದ್ದು ಹೌದು. ಅವರು ಹುಟ್ಟಿದ್ದು ಕಪೋಲಾ ಮನೆತನದಲ್ಲಿ, ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕಪೋಲಾ ಕೇಜ್‌ಗೆ ಚಿಕ್ಕಪ್ಪ. ಆದರೆ ಚಿತ್ರದಲ್ಲಿರುವ ಮಗಳು ಕಟ್ಟುಕಥೆ. ನಿರ್ದೇಶಕ ಟಾಮ್ ಗೋರ್ಮಿಕನ್ ಕೇಳಿದಾಗ ಕೇಜ್ ಮೊದಲು ಒಲ್ಲೆ ಅಂದಿದ್ದರು. ಗೋರ್ಮಿಕನ್ ಪತ್ರ ಬರೆದು ತಮ್ಮ ಉದ್ದೇಶ ತಿಳಿಸಿದ ಮೇಲೆ ಮನಸ್ಸು ಬದಲಾಯಿತು. ಮೊದಲ ಅನುಮಾನ ನ್ಯಾಯವಾದದ್ದೇ. ಬೇರೆ ಪಾತ್ರ ಸೋತರೆ ಪಾತ್ರ ಸರಿ ಇರಲಿಲ್ಲ ಅನ್ನಬಹುದು. ಇಲ್ಲಿ ಪೋಸ್ಟರ್ ಮೇಲೂ ಪಾತ್ರದ ಮೇಲೂ ಇರುವುದು ಸ್ವಂತ ಹೆಸರು.

ಒಂದು ದೃಶ್ಯ ನೋಡಿ. ಅಭಿಮಾನಿ ಹಾವಿ (ಪೆಡ್ರೊ ಪಾಸ್ಕಲ್) ನಿಕ್‌ನನ್ನು ಒಂದು ಕೋಣೆಗೆ ಕರೆದುಕೊಂಡು ಹೋಗುತ್ತಾನೆ. ಅಲ್ಲಿ ಕೇಜ್ ಚಿತ್ರಗಳ ಸಾಮಾನು ಒಪ್ಪವಾಗಿ ಜೋಡಿಸಿದೆ. ನಡುವೆ ಎರಡೂ ಕೈಯಲ್ಲಿ ಚಿನ್ನದ ಬಣ್ಣದ ಪಿಸ್ತೂಲು ಹಿಡಿದ ಕೇಜ್ ಪ್ರತಿಮೆ. ನಿಕ್ ಅದನ್ನು ದಿಟ್ಟಿಸುತ್ತಾನೆ. ವಿಕಾರವಾಗಿದೆ ಅನ್ನುತ್ತಾನೆ. ಮರುಕ್ಷಣ, 20 ಸಾವಿರ ಡಾಲರ್ ಕೊಡ್ತೀನಿ, ನನಗೆ ಕೊಡು ಅನ್ನುತ್ತಾನೆ. ಹಾವಿ ಮಾರೋದಿಲ್ಲ ಅನ್ನುತ್ತಾನೆ. ಈ ಪುಟ್ಟ ಮಾತುಕತೆಯಲ್ಲಿ ಒಬ್ಬ ಸ್ಟಾರ್‌ನ ಇಡೀ ಮನಸ್ಸು ಇದೆ. ತನ್ನ ಬಿಂಬ ಕಂಡರೆ ಅವನಿಗೆ ಆಗುವುದಿಲ್ಲ, ಅದನ್ನು ಬಿಟ್ಟಿರಲೂ ಆಗುವುದಿಲ್ಲ. ಇದೇ ಚಿತ್ರದಲ್ಲಿ 'ನಿಕಿ' ಎಂಬ ಹರೆಯದ ಕೇಜ್ ಆಗಾಗ ಕಾಣಿಸಿಕೊಂಡು, ನೀನು ಸ್ಟಾರ್ ಕಣೋ ಅಂತ ನಿಕ್‌ನನ್ನು ಕೆಣಕುತ್ತಾನೆ. ಆ ಪಾತ್ರವೂ ಕೇಜ್ ಅವರದೇ.

1999ರ 'ಬೀಯಿಂಗ್ ಜಾನ್ ಮಾಲ್ಕೊವಿಚ್' ಇನ್ನೊಂದು ದಾರಿ ಹಿಡಿಯಿತು. ಚಾರ್ಲಿ ಕಾಫ್‌ಮನ್ ಬರೆದು ಸ್ಪೈಕ್ ಜೋನ್ಜ್ ನಿರ್ದೇಶಿಸಿದ ಈ ಚಿತ್ರದಲ್ಲಿ, ಒಂದು ಆಫೀಸಿನ ಏಳೂವರೆಯನೇ ಮಹಡಿಯ ಪುಟ್ಟ ಬಾಗಿಲು ಸೀದಾ ನಟ ಮಾಲ್ಕೊವಿಚ್ ತಲೆಯೊಳಕ್ಕೆ ತೆರೆದುಕೊಳ್ಳುತ್ತದೆ. ಒಳಗೆ ಹೋದವರು 15 ನಿಮಿಷ ಮಾಲ್ಕೊವಿಚ್ ಆಗಿರಬಹುದು. ಚಿತ್ರದ ಮಾಲ್ಕೊವಿಚ್‌ನ ನಡುಹೆಸರು ಹೊರೇಷಿಯೊ, ನಿಜವಾದವರದು ಗ್ಯಾವಿನ್. ಸಿಕ್ಕವರೆಲ್ಲ, ನೀವು ಆ ಒಡವೆ ಕಳ್ಳನ ಪಾತ್ರ ಮಾಡಿದವರಲ್ವಾ ಅಂತ ಕೇಳುತ್ತಾರೆ. ಅಂಥ ಪಾತ್ರ ಅವನು ಮಾಡಿಯೇ ಇಲ್ಲ. ಹೆಸರು ಎಲ್ಲರಿಗೂ ಗೊತ್ತು, ಮನುಷ್ಯ ಯಾರಿಗೂ ಗೊತ್ತಿಲ್ಲ. ಇಷ್ಟು ಚಿಕ್ಕ ತಮಾಷೆಯಲ್ಲಿ ಖ್ಯಾತಿಯ ಬಗ್ಗೆ ಇಷ್ಟು ದೊಡ್ಡ ಮಾತು ಹೇಳಿದ ಚಿತ್ರ ನಾನು ಬೇರೆ ನೋಡಿಲ್ಲ.

ನಮ್ಮ ದೇಶದಲ್ಲಿ ಹೃಷಿಕೇಶ್ ಮುಖರ್ಜಿ 1971ರಲ್ಲೇ 'ಗುಡ್ಡಿ' ಮಾಡಿದ್ದರು. ಧರ್ಮೇಂದ್ರ ಮೇಲೆ ಮನಸ್ಸಿಟ್ಟ ಶಾಲಾ ಹುಡುಗಿಯಾಗಿ ಜಯಾ ಭಾದುರಿ, ಧರ್ಮೇಂದ್ರ ಆಗಿ ಧರ್ಮೇಂದ್ರ. ಹುಡುಗಿಯ ಭ್ರಮೆ ಬಿಡಿಸಲು ಮನೆಯವರ ಜೊತೆ ಸೇರಿ ಸ್ಟಾರ್ ತಾನೇ ತನ್ನ ಪ್ರಭಾವಳಿ ಕಳಚುತ್ತಾನೆ. ಹೊಡೆದಾಟದಲ್ಲಿ ಏಟು ತಿನ್ನುವವರು ಬೇರೆ ಅಂತ ತೋರಿಸುತ್ತಾನೆ. ತನ್ನ ಹೆಸರಿನ ಮೇಲೆ ನಗು ಬಂದರೂ ಪರವಾಗಿಲ್ಲ ಅನ್ನುವ ಧೈರ್ಯ ಇದ್ದರೆ ಮಾತ್ರ ಈ ಬಗೆಯ ಸಿನಿಮಾ ನಿಲ್ಲುತ್ತದೆ. ನಟ ಒಂದಿಷ್ಟು ತಮಾಷೆ ಮಾಡಿಕೊಂಡ ಹಾಗೆ ಮಾಡಿ, ಕೊನೆಗೆ ತನಗೇ ಹಾರ ಹಾಕಿಸಿಕೊಂಡರೆ ಅದು ಜಾಹೀರಾತು ಆಗಿಬಿಡುತ್ತದೆ.

2020ರ ಡಿಸೆಂಬರ್ 24ಕ್ಕೆ ನೆಟ್‌ಫ್ಲಿಕ್ಸ್‌ನಲ್ಲಿ ಬಂದ 'ಎಕೆ ವರ್ಸಸ್ ಎಕೆ' ಈ ವಿಷಯದಲ್ಲಿ ಕೈ ಹಿಡಿತ ಮಾಡುವುದಿಲ್ಲ. ವಿಕ್ರಮಾದಿತ್ಯ ಮೋಟ್ವಾನೆ ನಿರ್ದೇಶನ. ನಿರ್ದೇಶಕ ಅನುರಾಗ್ ಕಶ್ಯಪ್ ನಟ ಅನಿಲ್ ಕಪೂರ್ ಮಗಳು ಸೋನಮ್‌ಳನ್ನು ಅಪಹರಿಸಿ, ತಂದೆಯ ಹುಡುಕಾಟವನ್ನೇ ಕ್ಯಾಮೆರಾದಲ್ಲಿ ಹಿಡಿಯುತ್ತಾನೆ. ಎಲ್ಲರೂ ಅವರವರ ಹೆಸರಿನಲ್ಲೇ ಇದ್ದಾರೆ. ಇಲ್ಲಿನ ನಗು ಕಹಿ. ಗಾಯಗೊಂಡ ಅನಿಲ್ ಕ್ರಿಸ್‌ಮಸ್ ಪಾರ್ಟಿಯೊಂದರ ವೇದಿಕೆ ಹತ್ತಿ ಮಗಳ ಸುಳಿವಿಗಾಗಿ ಅಂಗಲಾಚುತ್ತಾನೆ. ಜನಕ್ಕೆ ಎದುರಿಗಿರುವುದು ಅಪ್ಪ ಅಂತ ಕಾಣುವುದಿಲ್ಲ, ಸ್ಟಾರ್ ಕಾಣುತ್ತಾನೆ. ಹಾಡು ಹಾಕುತ್ತಾರೆ, 'ಮೈ ನೇಮ್ ಈಸ್ ಲಖನ್', 1989ರ 'ರಾಮ್ ಲಖನ್' ಚಿತ್ರದ್ದು. ಅವನು ಕುಣಿಯುತ್ತಾನೆ. ಆ ಹಾಡಿಗೆ ಒಮ್ಮೆಯಾದರೂ ಕಾಲು ಕುಣಿಸಿದವರಿಗೆ ಈ ದೃಶ್ಯ ಚುಚ್ಚುತ್ತದೆ, ಯಾಕೆಂದರೆ ಅಲ್ಲಿ ಚಪ್ಪಾಳೆ ತಟ್ಟುತ್ತಿರುವವರು ನಮ್ಮಂಥ ಅಭಿಮಾನಿಗಳೇ.