ದೃಶ್ಯಕ್ಕೆ ಸಂಗೀತ ಕೂರಿಸುವ ಕೆಲಸ

ಹಿನ್ನೆಲೆ ಸಂಗೀತದ ಎಡಿಟಿಂಗ್ ಕಲಿಯಬೇಕೆಂದು ಸ್ಟುಡಿಯೊಗೆ ಬರುವ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಸರ್, ಈ ಸೀನಿಗೆ ಯಾವ ಮ್ಯೂಸಿಕ್ ಹಾಕಬೇಕು ಅಂತ ಹೇಗೆ ಗೊತ್ತಾಗುತ್ತೆ?" ಆ ಪ್ರಶ್ನೆಗೆ ಎರಡನೇ ಜಾಗ ಕೊಡಿ ಎನ್ನುತ್ತೇನೆ. ಮೊದಲು ಗೊತ್ತಾಗಬೇಕಾದ್ದು ಸಂಗೀತ ಎಲ್ಲಿ ಶುರುವಾಗಬೇಕು, ಎಲ್ಲಿ ನಿಲ್ಲಬೇಕು ಎಂಬುದು. ಸಾಧಾರಣವಾದ ಒಂದು ಬಿಟ್ ಸರಿಯಾದ ಜಾಗದಲ್ಲಿ ಶುರುವಾದರೆ ದೃಶ್ಯಕ್ಕೆ ಜೀವ ಬರುತ್ತದೆ. ಎಷ್ಟೇ ಒಳ್ಳೆಯ ರಚನೆಯಾದರೂ ಎರಡು ಸೆಕೆಂಡ್ ಮುಂಚೆ ಬಂದರೆ, ನಟನ ಮುಖ ಹೇಳಬೇಕಾದ್ದನ್ನು ಅದೇ ಹೇಳಿ ಮುಗಿಸಿಬಿಡುತ್ತದೆ.

ಇರುವ ಸಂಗೀತವನ್ನೇ ಆರಿಸಿ, ಕತ್ತರಿಸಿ, ದೃಶ್ಯಕ್ಕೆ ಹೊಂದಿಸುವ ಪದ್ಧತಿ ಮೂಕಿ ಚಿತ್ರಗಳಷ್ಟೇ ಹಳೆಯದು. ಥಿಯೇಟರಿನಲ್ಲಿ ಕೂತು ನುಡಿಸುವವರಿಗಾಗಿ ಬರ್ಲಿನ್ನಿನಲ್ಲಿ ಜುಸೆಪ್ಪೆ ಬೆಚ್ಚೆ 1919ರಿಂದ ಭಾವಕ್ಕೆ ತಕ್ಕಂತೆ ತುಣುಕುಗಳ ಸಂಗ್ರಹ ಹೊರತಂದರು. 1924ರಲ್ಲಿ ನ್ಯೂಯಾರ್ಕಿನಲ್ಲಿ ಎರ್ನೊ ರಾಪೆ ಪ್ರಕಟಿಸಿದ ಸಂಗ್ರಹದಲ್ಲಿ ಪ್ರತಿ ಪುಟದ ಅಂಚಿಗೂ ಭಾವಗಳ ಸೂಚಿ ಇತ್ತು. ಪರದೆಯ ಮೇಲೆ ಜಗಳ ಶುರುವಾದ ಕೂಡಲೇ ಪಿಯಾನೊದವರು ಆ ಪುಟಕ್ಕೆ ಹಾರಬೇಕಲ್ಲ! ಇವತ್ತು ಕಿರುಚಿತ್ರ, ಸಾಕ್ಷ್ಯಚಿತ್ರ, ಜಾಹೀರಾತು ಮಾಡುವವರು ಲೈಬ್ರರಿ ಸಂಗೀತದ (ಮೊದಲೇ ಮಾಡಿಟ್ಟು ಲೈಸೆನ್ಸಿಗೆ ಕೊಡುವ ತುಣುಕುಗಳ) ಸರ್ಚ್ ಬಾಕ್ಸಿನಲ್ಲಿ "ದುಃಖ", "ಸಸ್ಪೆನ್ಸ್" ಎಂದು ಟೈಪ್ ಮಾಡುವುದೂ ಅದೇ ಪರಂಪರೆ.

ಸಿನಿಮಾದಲ್ಲಿ ಈ ಸಂಗ್ರಹದ ಕೆಲಸ ಟೆಂಪ್ ಟ್ರ್ಯಾಕ್ ರೂಪದಲ್ಲಿ ಬರುತ್ತದೆ. ಸಂಗೀತ ನಿರ್ದೇಶಕರ ಆರ್‌ಆರ್ (ರೀರೆಕಾರ್ಡಿಂಗ್, ಅಂದರೆ ಅವರ ಹಿನ್ನೆಲೆ ಸಂಗೀತ) ಸಿದ್ಧವಾಗುವ ತನಕ ಎಡಿಟಿಂಗ್ ಟೇಬಲಿನಲ್ಲಿ ಬೇರೆಲ್ಲಿಂದಲೋ ತಂದು ಹಾಕುವ ತಾತ್ಕಾಲಿಕ ಸಂಗೀತ ಅದು. ಇದರಿಂದ ಉಪಯೋಗ ಬಹಳ, ಅಪಾಯವೂ ಅಷ್ಟೇ. ತಿಂಗಳುಗಟ್ಟಲೆ ಅದನ್ನೇ ಕೇಳಿದ ನಿರ್ದೇಶಕರಿಗೆ ಕೊನೆಗೆ ಬೇರೇನೂ ರುಚಿಸುವುದಿಲ್ಲ. 1968ರಲ್ಲಿ ಸ್ಟ್ಯಾನ್ಲಿ ಕ್ಯೂಬ್ರಿಕ್ ತಮ್ಮ '2001: ಎ ಸ್ಪೇಸ್ ಒಡಿಸ್ಸಿ' ಎಂಬ ಬಾಹ್ಯಾಕಾಶದ ಚಿತ್ರಕ್ಕೆ ಅಲೆಕ್ಸ್ ನಾರ್ತ್ ಬರೆದ ಸಂಗೀತವನ್ನು ಪೂರ್ತಿ ಬದಿಗಿಟ್ಟು, ಸ್ಟ್ರಾಸ್, ಲಿಗೆಟಿ ಮುಂತಾದವರ ರಚನೆಗಳನ್ನೇ ಉಳಿಸಿಕೊಂಡರು. ಚಿತ್ರಕ್ಕೆ ಅದು ಒಪ್ಪಿತು, ಆದರೆ ಆ ನಿರ್ಧಾರದ ಹಿಂದೆ ಒಬ್ಬ ಸಂಯೋಜಕರ ಪೂರ್ತಿ ದುಡಿಮೆ ವ್ಯರ್ಥವಾಯಿತು ಎಂಬುದನ್ನೂ ನಾವು ನೆನಪಿಡಬೇಕು. ಹಾಗಾಗಿ ಟೆಂಪ್ ಹಾಕುವಾಗ ರಾಗ, ವಾದ್ಯಗಳಿಗೆ ಅಂಟಿಕೊಳ್ಳದೆ ಶುರು, ಮುಗಿತ, ವೇಗ ಇಷ್ಟನ್ನು ಮಾತ್ರ ಸಂಗೀತ ನಿರ್ದೇಶಕರಿಗೆ ದಾಟಿಸಿ ಎಂದು ಹೇಳಿಕೊಡುತ್ತೇನೆ.

ಈಗ ಲೆಕ್ಕಕ್ಕೆ ಬರೋಣ. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ನಿಮಿಷಕ್ಕೆ 1440 ಫ್ರೇಮ್. ಈ 1440ನ್ನು ಟೆಂಪೊದಿಂದ, ಅಂದರೆ ನಿಮಿಷಕ್ಕೆ ಬೀಳುವ ತಾಳದ ಪೆಟ್ಟುಗಳ ಸಂಖ್ಯೆಯಿಂದ, ಭಾಗಿಸಿದರೆ ಒಂದು ಪೆಟ್ಟಿಗೆ ಎಷ್ಟು ಫ್ರೇಮ್ ಎಂದು ಸಿಗುತ್ತದೆ: 60ಕ್ಕೆ 24, 72ಕ್ಕೆ 20, 90ಕ್ಕೆ 16, 120ಕ್ಕೆ 12. ಕಂಪ್ಯೂಟರ್ ಇದನ್ನೆಲ್ಲ ತಾನೇ ಮಾಡುತ್ತದೆ, ಸರಿ. ಆದರೂ ಈ ನಾಲ್ಕಾರು ಸಂಖ್ಯೆ ಬಾಯಿಗೆ ಬರಬೇಕು. ಏಕೆಂದರೆ ನಿರ್ದೇಶಕರು ಪಕ್ಕದಲ್ಲಿ ಕೂತು "ಇನ್ನೊಂಚೂರು ಹಿಂದೆ" ಅಂದಾಗ, ಆ ಚೂರು ಅಂದರೆ ಅರ್ಧ ಪೆಟ್ಟೋ ಎರಡು ಫ್ರೇಮೋ ಎಂದು ಕೈಗೆ ಗೊತ್ತಿರಬೇಕು.

ಒಂದು ದೃಶ್ಯ ಇಟ್ಟುಕೊಂಡು ನೋಡೋಣ. ಚಿತ್ರದುರ್ಗದ ಬಸ್ ನಿಲ್ದಾಣ, ರಾತ್ರಿ. ಮಗಳು ಬೆಂಗಳೂರಿಗೆ ಹೊರಟಿದ್ದಾಳೆ. ಕಿಟಕಿಯಿಂದ "ಅಪ್ಪಾ, ಹೊತ್ತಿಗೆ ಸರಿಯಾಗಿ ಊಟ ಮಾಡಿ, ಆಯ್ತಾ?" ಅನ್ನುತ್ತಾಳೆ. "ಹ್ಞೂಂ ಕಣಮ್ಮ, ನೀನು ಹುಷಾರು" ಅಂತಾರೆ ಅಪ್ಪ. ಡ್ರೈವರ್ ಎಂಜಿನ್ ಸ್ಟಾರ್ಟ್ ಮಾಡುತ್ತಾನೆ. ಅಲ್ಲಿಂದ ಎಣಿಸಿದರೆ 10 ಸೆಕೆಂಡಿಗೆ ಸರಿಯಾಗಿ ಕಂಡಕ್ಟರ್ ಸೀಟಿ ಊದುತ್ತಾನೆ, ಬಸ್ಸು ಹೊರಡುತ್ತದೆ. 26 ಸೆಕೆಂಡ್ 10 ಫ್ರೇಮಿಗೆ ಅಪ್ಪ ಕನ್ನಡಕ ತೆಗೆಯುತ್ತಾರೆ.

ಕಲಿಯುವವರಲ್ಲಿ ಬಹುಪಾಲು ಮಂದಿ "ಊಟ ಮಾಡಿ" ಎಂಬ ಮಾತಿನ ಕೆಳಗೇ ಪಿಟೀಲು ಎಳೆಯುತ್ತಾರೆ. ಅಲ್ಲಿ ಬೇಡ. ಆ ಎರಡು ಮಾತುಗಳು ಬರಿದಾಗಿ ಕೇಳಲಿ. ಎಂಜಿನ್ ಸ್ಟಾರ್ಟ್ ಆಗುವ ಕ್ಷಣವೇ ನಮ್ಮ ಬಾಗಿಲು. ತಗ್ಗು ಸ್ಥಾಯಿಯಲ್ಲಿ ವೀಣೆಯ ಮಂದ್ರವನ್ನೋ ಚೆಲ್ಲೊವನ್ನೋ ಆ ಗುಡುಗುಡು ಸದ್ದಿನ ಅಡಿಯಲ್ಲೇ ಶುರುಮಾಡಿದರೆ ಸಂಗೀತ ಬಂದದ್ದು ಯಾರ ಕಿವಿಗೂ ಬೀಳುವುದಿಲ್ಲ. ಬಸ್ಸು ದೂರ ಹೋದಂತೆ ಎಂಜಿನ್ ಸದ್ದು ಇಳಿಯುತ್ತದೆ, ನಾವು ವಾಲ್ಯೂಮ್ ಮುಟ್ಟದಿದ್ದರೂ ಸಂಗೀತ ಮೇಲೆ ಬರುತ್ತದೆ. ಒಂಟಿಯಾಗಿ ನಿಂತ ಅಪ್ಪನ ಜೊತೆ ಉಳಿಯುವುದು ಅದೊಂದೇ.

ಟೆಂಪೊ? 72 ಇಟ್ಟರೆ ಪೆಟ್ಟಿಗೆ 20 ಫ್ರೇಮ್. 10 ಸೆಕೆಂಡ್ ಅಂದರೆ 240 ಫ್ರೇಮ್, ಸರಿಯಾಗಿ 12 ಪೆಟ್ಟು. ಎಂಟು ಪೆಟ್ಟಿನ ಆದಿತಾಳದಲ್ಲಿ ಎಣಿಸಿದರೆ ಒಂದು ಆವರ್ತ (ಸುತ್ತು) ಮುಗಿದು, ಎರಡನೆಯದರ ನಾಲ್ಕು ಪೆಟ್ಟಿನ ಲಘುವೂ ಮುಗಿದು ದ್ರುತ ಶುರುವಾಗುವ ಜಾಗ, ಅಂದರೆ ಆವರ್ತದ ನಡು ಘಟ್ಟವಾದ ಅರುದಿ. ಬಸ್ಸು ಹೊರಡುವುದಕ್ಕೆ ಅಷ್ಟು ಒತ್ತು ಸಾಕು, ಅಲ್ಲಿ ಸಮ, ಅಂದರೆ ಆವರ್ತದ ಮೊದಲ ಪೆಟ್ಟು, ಬೀಳುವುದು ಬೇಡವೇ ಬೇಡ. 32 ಪೆಟ್ಟು, ಅಂದರೆ ನಾಲ್ಕು ಆವರ್ತ ಮುಗಿದು ಐದನೆಯದರ ಸಮ ಬೀಳುವುದು 640 ಫ್ರೇಮಿಗೆ, 26 ಸೆಕೆಂಡ್ 16 ಫ್ರೇಮಿಗೆ. ಕನ್ನಡಕ ತೆಗೆದು ಆರು ಫ್ರೇಮ್ ಆದ ಮೇಲೆ. ಹೊಸಬರು ಕೂಡಲೇ ಆ ಆರು ಫ್ರೇಮನ್ನು "ಸರಿ" ಮಾಡಲು ಹೋಗುತ್ತಾರೆ. ಬಿಡಿ ಎನ್ನುತ್ತೇನೆ. ಕಣ್ಣು ಮೊದಲು ಕಾಣಬೇಕು, ಆಮೇಲೆ ಕಿವಿ ಅದಕ್ಕೆ ಹ್ಞೂಂಗುಟ್ಟಬೇಕು. ಕಾಲು ಸೆಕೆಂಡಿನ ಈ ತಡದಲ್ಲೇ ಪ್ರೇಕ್ಷಕರಿಗೆ ತಮ್ಮದೇ ಭಾವನೆ ಹುಟ್ಟಲು ಜಾಗ ಸಿಗುತ್ತದೆ. ಇದೇ ಪೆಟ್ಟು ಕನ್ನಡಕ ತೆಗೆಯುವುದಕ್ಕೆ ಆರು ಫ್ರೇಮ್ ಮುಂಚೆ ಬಿದ್ದಿದ್ದರೆ ಸಂಗೀತವೇ ಅಪ್ಪನಿಗೆ ಕನ್ನಡಕ ತೆಗಿ ಎಂದು ಹೇಳಿಕೊಟ್ಟ ಹಾಗಾಗುತ್ತಿತ್ತು.

ಧ್ವನಿ ಮುಂದಾಗುವುದಕ್ಕಿಂತ ಹಿಂದಾಗುವುದನ್ನು ನಮ್ಮ ಮಿದುಳು ಹೆಚ್ಚು ಸಹಿಸುತ್ತದೆ. ಟಿವಿ ಪ್ರಸಾರಕ್ಕೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಗುರುತಿಸಿರುವ ಮಿತಿಯಲ್ಲೂ ಇದು ಕಾಣುತ್ತದೆ: ಸದ್ದು ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂದಿದ್ದರೇ ಗೊತ್ತಾಗುತ್ತದೆ, ಹಿಂದಿದ್ದರೆ 125ರ ತನಕ ಗೊತ್ತಾಗುವುದಿಲ್ಲ. ಥಿಯೇಟರಿನಲ್ಲಿ ಪರದೆಯಿಂದ 14 ಮೀಟರ್ ದೂರ ಕೂತವರಿಗೆ ಸದ್ದು ಹೇಗೂ ಒಂದು ಫ್ರೇಮ್ ತಡವಾಗಿಯೇ ತಲುಪುತ್ತದೆ. ಹಾಗಂತ ಎಲ್ಲವನ್ನೂ ತಡ ಮಾಡುವುದಲ್ಲ. ಕಪಾಳಕ್ಕೆ ಹೊಡೆತ ಬೀಳುವ ಕಡೆ, ಬಾಗಿಲು ಧಡ್ ಎನ್ನುವ ಕಡೆ ಒಂದೋ ಆ ಫ್ರೇಮಿಗೇ ಕೂರಿಸಿ, ಇಲ್ಲವೇ ಸಂಗೀತವನ್ನು ಅಲ್ಲಿಂದ ಪೂರ್ತಿ ಆಚೆ ಇಡಿ.

ತಾಳವಿಲ್ಲದ ಸಂಗೀತದ ವಿಷಯ ಬೇರೆ. ಅದು ನಮ್ಮ ನೆಲದಲ್ಲಿ ಕೆಲಸ ಮಾಡುವವರ ವಿಶೇಷ ವಿದ್ಯೆ ಎಂದು ನಂಬಿದ್ದೇನೆ, ಇಂಗ್ಲಿಷ್ ಟ್ಯುಟೋರಿಯಲ್‌ಗಳಲ್ಲಿ ಇದು ಸಿಗುವುದು ಕಡಿಮೆ. ಆಲಾಪನೆಗೆ ಕ್ಲಿಕ್ (ಲಯ ಎಣಿಸುವ ಟಿಕ್ ಸದ್ದು) ಇಲ್ಲ, ಬಾರ್ ಇಲ್ಲ. ಇಲ್ಲಿ ಕೊನೆಯಿಂದ ಶುರುವಿನ ಕಡೆಗೆ ಕೆಲಸ ಮಾಡಬೇಕು. ಯಾವ ಚಿತ್ರದ ಮೇಲೆ ಷಡ್ಜಕ್ಕೆ ಬಂದು ನಿಲ್ಲಬೇಕೋ ಅದನ್ನು ಮೊದಲು ಗುರುತು ಮಾಡಿ, ಆ ಸ್ವರವನ್ನು ಅಲ್ಲಿ ಇಟ್ಟು, ಹಿಂದಕ್ಕೆ ಬಿಚ್ಚುತ್ತಾ ಹೋಗಿ. ಶುರು ಎಲ್ಲಿಗೆ ಬರುತ್ತದೋ ನೋಡಿ. ಉದ್ದವಾಯಿತಾ, ನಡುವಿನ ಒಂದು ಸಂಚಾರ ಪೂರ್ತಿ ತೆಗೆಯಿರಿ. ಗಮಕದ ನಡುವೆ ಕತ್ತರಿ ಹಾಕುವಂತಿಲ್ಲ. ಹಾಡುವವರಾದರೆ ಉಸಿರು ತೆಗೆದುಕೊಳ್ಳುವ ಜಾಗ, ಕೊಳಲಿಗೂ ಅದೇ, ವೀಣೆಗಾದರೆ ಮೀಟಿಗೆ ಕೂದಲೆಳೆಯಷ್ಟು ಮುಂಚೆ. ಹಿಂದಿನ ಸ್ವರದ ಬಾಲ ಫೇಡಿನಲ್ಲಿ ಕರಗಲಿ. ಇಡೀ ತುಣುಕಿನ ಅಡಿಯಲ್ಲಿ ಬೇರೆ ಟ್ರ್ಯಾಕಿನಲ್ಲಿ ತಂಬೂರಿ ಎಡೆಬಿಡದೆ ಓಡುತ್ತಿದ್ದರೆ ಮೇಲಿನ ಕಟ್‌ಗಳು ಗೊತ್ತಾಗುವುದಿಲ್ಲ. ಹಳೆಯ ರೆಕಾರ್ಡಿಂಗ್‌ಗಳ ಶ್ರುತಿ ಹಾರ್ಮೋನಿಯಂ ಮನೆಗೆ ಸರಿಯಾಗಿ ಕೂರದೆ ಚೂರು ಮೇಲೆ ಕೆಳಗೆ ಇರುತ್ತದೆ. ತಂಬೂರಿಯನ್ನು ರೆಕಾರ್ಡಿಂಗಿಗೆ ಹೊಂದಿಸಿ, ರೆಕಾರ್ಡಿಂಗನ್ನು ತಂಬೂರಿಗೆ ಎಳೆಯಬೇಡಿ.

ಪಿಕ್ಚರ್ ಲಾಕ್ ಆಯಿತು, ಇನ್ನು ದೃಶ್ಯದ ಕಟ್ ಬದಲಾಗದು ಎಂದು ಹೇಳಿದ ಮೇಲೂ ಎಡಿಟಿಂಗ್ ರೂಮಿನಲ್ಲಿ ಬದಲಾವಣೆ ನಡೆಯುತ್ತಲೇ ಇರುತ್ತದೆ. ನಮ್ಮ ಬಸ್ ನಿಲ್ದಾಣದಲ್ಲಿ, ಬಸ್ಸು ಹೊರಟ ಮೇಲೆ 14 ಫ್ರೇಮ್ ಕತ್ತರಿಸಿದರು ಎನ್ನಿ. ಸಂಗೀತದಿಂದಲೂ 14 ಫ್ರೇಮ್ ಕಿತ್ತರೆ ತಾಳ ಮುರಿಯುತ್ತದೆ. ಒಂದು ಪೆಟ್ಟು ಪೂರ್ತಿ ತೆಗೆದರೆ 20 ಫ್ರೇಮ್ ಹೋಗುತ್ತದೆ, ಮೃದಂಗ ಇರುವ ಕಡೆ ಆ ಎಡವು ಎಲ್ಲರ ಕಿವಿಗೂ ಕೇಳುತ್ತದೆ. ಇನ್ನೂ ರೆಕಾರ್ಡಿಂಗ್ ಆಗದಿದ್ದರೆ ಸುಲಭ: ಅರುದಿಯಿಂದ ಸಮದ ತನಕ ಇರುವ 20 ಪೆಟ್ಟು 400 ಫ್ರೇಮಿನ ಬದಲು 386ರಲ್ಲಿ ಮುಗಿಯಬೇಕು, ಅಂದರೆ ಆ ಭಾಗದ ಟೆಂಪೊ 72ರಿಂದ 74.6ಕ್ಕೆ ಏರಬೇಕು. ಬಸ್ಸು ಹೊರಟ ಮೇಲೆ ನಡೆ ಚೂರು ಚುರುಕಾದರೆ ಸಹಜವಾಗಿಯೇ ಕೇಳುತ್ತದೆ. ರೆಕಾರ್ಡಿಂಗ್ ಮುಗಿದಿದ್ದರೆ, ಸಾಫ್ಟ್‌ವೇರಿನಲ್ಲಿ ಹಿಗ್ಗಿಸಿ ಕುಗ್ಗಿಸುವ ಮುನ್ನ ಸಂಗೀತ ನಿರ್ದೇಶಕರಿಂದ ಸ್ಟೆಮ್ಸ್ (ವಾದ್ಯಗುಂಪುಗಳ ಬೇರೆ ಬೇರೆ ಟ್ರ್ಯಾಕುಗಳು) ಕೇಳಿ. ತಾಳವಾದ್ಯ, ಶ್ರುತಿ, ರಾಗದ ಎಳೆ ಬೇರೆ ಬೇರೆ ಇದ್ದರೆ, ತಾಳವನ್ನು ಅಲ್ಲಿ ಬಿಡಿಸಿ ಉಳಿದದ್ದನ್ನು ಸರಿಸಬಹುದು. ಮಾತಿನ ಮೇಲೆ ಕೊಳಲೋ ಪಿಟೀಲೋ ಹತ್ತಿ ಕೂತಾಗಲೂ ಸ್ಟೆಮ್ಸೇ ಕಾಯುತ್ತವೆ. ವ್ಯಂಜನಗಳು ಸ್ಪಷ್ಟವಾಗುವ ಕಂಪನಗಳ ವಲಯದಲ್ಲೇ ಆ ವಾದ್ಯಗಳೂ ಹೊಳೆಯುವುದರಿಂದ, ಅವನ್ನಷ್ಟೇ ತಗ್ಗಿಸಿದರೆ ಮಾತು ಕೇಳುತ್ತದೆ, ಸಂಗೀತವೂ ಕಡಿಯುವುದಿಲ್ಲ.

ಇದಕ್ಕೆಲ್ಲ ಮುಂಚೆ, ಸೆಷನ್ (ಸಾಫ್ಟ್‌ವೇರಿನಲ್ಲಿನ ಕೆಲಸದ ಫೈಲು) ತೆರೆಯುವಾಗಲೇ ಎಡಿಟರ್ ಅಸಿಸ್ಟೆಂಟರಿಗೆ ಫೋನ್ ಮಾಡಿ ಫ್ರೇಮ್ ರೇಟ್ ಕೇಳಿಕೊಳ್ಳಿ. 24 ಎಂದುಕೊಂಡದ್ದು 23.976 ಆಗಿದ್ದರೆ ಗಂಟೆಗೆ 3.6 ಸೆಕೆಂಡ್ ಜಾರುತ್ತದೆ. ಸಿಡಿಯಿಂದ ತೆಗೆದ ಹಾಡು, ಸ್ಯಾಂಪಲ್ ರೇಟಿನ (ಸದ್ದನ್ನು ಸೆಕೆಂಡಿಗೆ ಎಷ್ಟು ಸಲ ಅಳೆದಿದೆ ಎಂಬ) ಲೆಕ್ಕದಲ್ಲಿ, 44.1 ಕಿಲೋಹರ್ಟ್ಸ್‌ನಲ್ಲಿರುತ್ತದೆ, ಸಿನಿಮಾ ಸೆಷನ್ 48ರಲ್ಲಿ. ಪರಿವರ್ತಿಸದೆ ಎಳೆದು ಹಾಕಿದರೆ ಹಾಡಿನ ಶ್ರುತಿ ಹತ್ತಿರಹತ್ತಿರ ಒಂದೂವರೆ ಸ್ವರಸ್ಥಾನ ಏರುತ್ತದೆ, ಮೂರು ನಿಮಿಷದ ಹಾಡು ಸುಮಾರು 15 ಸೆಕೆಂಡ್ ಬೇಗ ಮುಗಿಯುತ್ತದೆ. ಚಿತ್ರ ಶುರುವಾಗುವ ಎರಡು ಸೆಕೆಂಡ್ ಮುಂಚೆ ಒಂದೇ ಫ್ರೇಮ್ ಉದ್ದದ "ಪಿಪ್" ಸದ್ದು ಎಲ್ಲ ಫೈಲಿನಲ್ಲೂ ಇರಲಿ. ಮಿಕ್ಸಿಂಗಿನಲ್ಲಿ ಯಾವುದು ಸರಿದಿದೆ ಎಂದು ಅದರಿಂದಲೇ ಪತ್ತೆ.

ಮನೆಯಲ್ಲೇ ಅಭ್ಯಾಸ ಮಾಡಲು ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯೇ ಧಾರಾಳವಾಯಿತು. ಸಂಗೀತವಿಲ್ಲದ ಒಂದು ದೃಶ್ಯ ತೆಗೆದುಕೊಂಡು, ಒಂದೇ ತುಣುಕನ್ನು ಮೂರು ಬೇರೆ ಜಾಗಗಳಲ್ಲಿ ಶುರುಮಾಡಿ ನೋಡಿ. ತುಣುಕು ಬದಲಾಯಿಸುವ ಆಸೆ ಬಂದರೂ ಬದಲಾಯಿಸಬೇಡಿ. ಇನ್ನೊಂದು ಅಭ್ಯಾಸ: ಬಿ.ವಿ. ಕಾರಂತರು ಸಂಗೀತ ಕೊಟ್ಟ 1977ರ 'ಘಟಶ್ರಾದ್ಧ' ನೋಡಿ, ಅದಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಪೆನ್ನು ಹಿಡಿದು, ಸಂಗೀತ ಇಲ್ಲದ ಜಾಗಗಳನ್ನು ಪಟ್ಟಿ ಮಾಡಿ.

ಇನ್ನು ಹಕ್ಕುಗಳ ಮಾತು. ಇದನ್ನು ವಕೀಲರ ಕೆಲಸ ಎಂದು ತಳ್ಳಿಬಿಡುವವರೇ ಹೆಚ್ಚು, ಆದರೆ ಸಂಗೀತ ಆರಿಸುವವರಿಗೆ ಇದು ಗೊತ್ತಿಲ್ಲದಿದ್ದರೆ ಚಿತ್ರ ಬಿಡುಗಡೆಯ ಬಾಗಿಲಲ್ಲಿ ನಿಲ್ಲುತ್ತದೆ. "30 ಸೆಕೆಂಡ್ ತನಕ ಬಳಸಬಹುದು ಸರ್" ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅಂಥ ನಿಯಮವೇ ಇಲ್ಲ. ಒಂದು ಹಾಡಿನಲ್ಲಿ ಸಾಹಿತ್ಯ, ಸಂಗೀತ ರಚನೆ, ಧ್ವನಿಮುದ್ರಣ ಮೂರೂ ಬೇರೆ ಬೇರೆ ಕೃತಿಗಳು. ಮೊದಲ ಎರಡಕ್ಕೆ ರಚಿಸಿದವರು ತೀರಿಕೊಂಡ ಮೇಲೆ 60 ವರ್ಷ, ಧ್ವನಿಮುದ್ರಣಕ್ಕೆ ಅದು ಪ್ರಕಟವಾದ ಮೇಲೆ 60 ವರ್ಷ ರಕ್ಷಣೆ ಇದೆ. ಪುರಂದರದಾಸರ ಪದ ಎಲ್ಲರದ್ದು, ನಿಜ. ಆದರೆ ನಾವು ಇವತ್ತು ಕೇಳುವ ದಾಸರ ಪದಗಳಲ್ಲಿ ಎಷ್ಟೋ ಧಾಟಿಗಳನ್ನು ಕಳೆದ ನೂರು ವರ್ಷದೊಳಗಿನ ವಿದ್ವಾಂಸರು ಕೂರಿಸಿದ್ದಾರೆ, ಧ್ವನಿಮುದ್ರಣವೋ ರೆಕಾರ್ಡಿಂಗ್ ಕಂಪನಿಯದ್ದು. ನಿಮ್ಮ ಊರಿನ ಗಾಯಕರಿಂದಲೇ ಬೇರೆ ರಾಗದಲ್ಲಿ ಹಾಡಿಸಿ, ಲಿಖಿತ ಒಪ್ಪಿಗೆ ಪಡೆದು, ಸಂಭಾವನೆ ಕೊಟ್ಟು ಬಳಸುವುದು ಎಷ್ಟೋ ಸಲ ಸುಲಭ ಮತ್ತು ಸುಂದರ. ಲೈಸೆನ್ಸ್ ತೆಗೆದುಕೊಳ್ಳುವುದಾದರೆ ಚಿತ್ರೋತ್ಸವಕ್ಕೆ ಮಾತ್ರವೋ, ಒಟಿಟಿಗೂ ಸೇರಿದೆಯೋ, ಟ್ರೇಲರಿಗೆ ಬೇರೆ ಇದೆಯೋ ಎಂದು ಓದಿ ಸಹಿ ಹಾಕಿ.

ಕೊನೆಯ ಕೆಲಸ ಕ್ಯೂ ಶೀಟ್. ಪ್ರತಿ ತುಣುಕಿನ ಶುರು, ಮುಗಿತ, ಅವಧಿ, ಸಂಯೋಜಕರು, ಗೀತರಚನೆಕಾರರು, ಹಕ್ಕುದಾರರು, ಹಿನ್ನೆಲೆಯಲ್ಲಿ ಬಂತೋ ಪಾತ್ರವೇ ಹಾಡಿತೋ ಎಂಬ ವಿವರ. 2012ರ ತಿದ್ದುಪಡಿಯ ನಂತರ, ಚಿತ್ರಮಂದಿರದ ಪ್ರದರ್ಶನದಾಚೆಗಿನ ಬಳಕೆಗೆ ಸಂಯೋಜಕರಿಗೂ ಗೀತರಚನೆಕಾರರಿಗೂ ರಾಯಧನದ ಹಕ್ಕಿದೆ. ಐಪಿಆರ್‌ಎಸ್‌ನಂಥ ರಾಯಧನ ಸಂಗ್ರಹಿಸುವ ಸಂಸ್ಥೆ ಅದನ್ನು ಹಂಚಬೇಕಾದರೆ ಈ ಹಾಳೆಯಲ್ಲಿ ಹೆಸರು ಸರಿಯಾಗಿರಬೇಕು. ಮಿಕ್ಸಿಂಗ್ ಮುಗಿದ ದಿನವೇ, ಸೆಷನ್ ಇನ್ನೂ ತೆರೆದಿರುವಾಗಲೇ ಇದನ್ನು ತುಂಬಿ. ಒಂದು ಪ್ರತಿ ನಿರ್ಮಾಪಕರಿಗೆ, ಒಂದು ಸಂಗೀತ ನಿರ್ದೇಶಕರಿಗೆ, ಒಂದು ಸೆಷನ್ ಫೋಲ್ಡರಿನಲ್ಲಿ.