ಕರಗಿದ್ದೆಲ್ಲ ಕರೆಂಟ್ ಒಯ್ಯುವುದಿಲ್ಲ

ಒಣ ಉಪ್ಪಿನ ಹರಳಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಅದರ ತುಂಬ ಇರುವುದು ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳೇ, ಅಂದರೆ ಆವೇಶ ಹೊತ್ತ ಕಣಗಳು. ಆದರೆ ಅವು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡು ನಿಂತಲ್ಲೇ ಇರುತ್ತವೆ. ಆವೇಶ ಇದ್ದರಷ್ಟೇ ಸಾಲದು, ಅದು ಓಡಾಡಬೇಕು. ಸುಮಾರು 801 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಉಪ್ಪು ದ್ರವವಾಗುತ್ತದೆ. ಆಗ ವಿದ್ಯುತ್ ಹರಿಯುತ್ತದೆ.

ಅಷ್ಟು ಬಿಸಿ ಮಾಡುವ ಕೆಲಸವನ್ನು ನೀರು ತಣ್ಣಗಿದ್ದೇ ಮುಗಿಸುತ್ತದೆ. ನೀರಿನ ಅಣುವಿನ ಒಂದು ಕಡೆ ಸ್ವಲ್ಪ ಋಣ ಆವೇಶ, ಇನ್ನೊಂದು ಕಡೆ ಸ್ವಲ್ಪ ಧನ. ಈ ಅಣುಗಳು ಒಂದೊಂದೇ ಅಯಾನನ್ನು ಸುತ್ತುವರಿದು ಹರಳಿನಿಂದ ಬಿಡಿಸುತ್ತವೆ. ನೀರಿನೊಳಗೆ ಅಯಾನುಗಳ ನಡುವಿನ ಸೆಳೆತ 80ರಲ್ಲಿ ಒಂದು ಪಾಲಿನಷ್ಟಕ್ಕೆ ಇಳಿಯುತ್ತದೆ! ಬ್ಯಾಟರಿಗೆ ಜೋಡಿಸಿದ ಎರಡು ತಂತಿ ಮುಳುಗಿಸಿದರೆ ಸೋಡಿಯಂ ಒಂದು ಕಡೆ, ಕ್ಲೋರೈಡ್ ಇನ್ನೊಂದು ಕಡೆ ಸಾಗುತ್ತವೆ. ಈ ಸಾಗಾಟವೇ ಅಲ್ಲಿನ ಕರೆಂಟ್. ತೀರಾ ಶುದ್ಧ ನೀರಿಗಿಂತ ಸಮುದ್ರದ ನೀರು ಸುಮಾರು 10 ಲಕ್ಷ ಪಟ್ಟು ಜಾಸ್ತಿ ವಾಹಕ.

ಅಯಾನುಗಳನ್ನು ಬೇರ್ಪಡಿಸುವುದು ಕರೆಂಟೇ ಎಂದು ಹಿಂದೆ ನಂಬಿದ್ದರು. ಅಲ್ಲ, ಕರಗಿದಾಗಲೇ ಅವು ಬೇರೆಯಾಗಿರುತ್ತವೆ ಎಂದವರು ಸ್ವೀಡನ್‌ನ ವಿಜ್ಞಾನಿ ಸ್ವಾಂತೆ ಅರೇನಿಯಸ್. 1884ರ ಅವರ ಡಾಕ್ಟರೇಟ್ ಪ್ರಬಂಧಕ್ಕೆ ಕೆಳದರ್ಜೆಯಷ್ಟೇ ಸಿಕ್ಕಿತು. 1903ರಲ್ಲಿ ಅದೇ ದಾರಿಯ ಕೆಲಸಕ್ಕೆ ನೊಬೆಲ್ ಬಂತು.

ಸಕ್ಕರೆಯ ಕಥೆ ಚಿಕ್ಕದು. ಅದು ಸಹವೇಲೆನ್ಸೀಯ ಸಂಯುಕ್ತ, ಪರಮಾಣುಗಳು ಎಲೆಕ್ಟ್ರಾನ್ ಹಂಚಿಕೊಂಡಿರುತ್ತವೆ. ನೀರಿಗೆ ಬಿದ್ದರೂ ಅದರ 45 ಪರಮಾಣುಗಳ ಅಣು ಇಡಿಯಾಗಿಯೇ ಉಳಿಯುತ್ತದೆ. ಆವೇಶವಿಲ್ಲ, ಹಾಗಾಗಿ ಕರೆಂಟೂ ಇಲ್ಲ.

ಹಾಗಾದರೆ ಅಯಾನಿಕ ಅಂದರೆ ವಾಹಕ, ಸಹವೇಲೆನ್ಸೀಯ ಅಂದರೆ ಅಲ್ಲ, ಅಷ್ಟೇ ಅಲ್ವಾ? ಇಲ್ಲಿ ಹೈಡ್ರೋಜನ್ ಕ್ಲೋರೈಡ್ ಅನಿಲವನ್ನು ನೋಡಲೇಬೇಕು. ಅದೂ ಸಹವೇಲೆನ್ಸೀಯ. ಟಾಲ್ವೀನ್ ಎಂಬ ಸಾವಯವ ದ್ರವದಲ್ಲಿ ಕರಗಿಸಿದರೆ ವಿದ್ಯುತ್ ಹರಿಯುವುದೇ ಇಲ್ಲ ಅನ್ನಬಹುದು. ನೀರಿನಲ್ಲಾದರೆ ಅದರ ಅಣುಗಳು ಹೆಚ್ಚುಕಡಿಮೆ ಪೂರ್ತಿ ಒಡೆದು ಅಯಾನುಗಳಾಗುತ್ತವೆ. ಅಷ್ಟೇ ಸಾಂದ್ರತೆಯ ಉಪ್ಪುನೀರಿಗಿಂತ, ಹೀಗೆ ಸಿಗುವ ಹೈಡ್ರೋಕ್ಲೋರಿಕ್ ಆಮ್ಲ ಮೂರು ಪಟ್ಟಿಗೂ ಜಾಸ್ತಿ ವಾಹಕ. ಯಾಕೆಂದರೆ ಹೈಡ್ರೋಜನ್ ಅಯಾನು ಈಜಿಕೊಂಡು ಹೋಗಬೇಕಿಲ್ಲ. ಸಾಲಾಗಿ ನಿಂತವರು ಕೈಯಿಂದ ಕೈಗೆ ಕೊಡ ದಾಟಿಸುವಂತೆ ನೀರಿನ ಅಣುಗಳು ಅದನ್ನು ದಾಟಿಸುತ್ತವೆ. ನನಗಂತೂ ಇಡೀ ವಿಷಯದಲ್ಲಿ ಇದೇ ಅತಿ ಸುಂದರ ಭಾಗ.

ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲವೂ ಒಡೆಯುತ್ತದೆ, ಆದರೆ ನೂರರಲ್ಲಿ ಒಂದೋ ಇನ್ನೂ ಕಡಿಮೆಯೋ ಅಣು ಮಾತ್ರ. ಅದಕ್ಕೇ ಅದರ ವಾಹಕತೆ ಕಡಿಮೆ. ಅತ್ತ ಸಿಲ್ವರ್ ಕ್ಲೋರೈಡ್ ಅಯಾನಿಕವೇ ಆದರೂ ಒಂದು ಲೀಟರ್ ನೀರಿನಲ್ಲಿ ಕರಗುವುದು ಸುಮಾರು 2 ಮಿಲಿಗ್ರಾಂ. ಆ ನೀರಿನಲ್ಲೂ ಕರೆಂಟ್ ಹರಿಯುವುದು ಅತ್ಯಲ್ಪ.